ಹಬ್ಬವನ್ನು ಶಂಕಿಸಿದ ಪಾದರಿ

ಅಮೃತೂರಿನಂತಹ ಊರಿನಲ್ಲಿ ಡಿಸೆಂಬರ್ ತಿಂಗಳ ಕಡೆಯ ವಾರವೆಂದರೆ ಧನುರ್ಮಾಸದ ಚಳಿ. ಇನ್ನೂ ಕತ್ತಲಿರುವಾಗಲೇ ಗುಡಿಯ ಗಂಟೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮುತ್ತುಗದ ಎಲೆಯ ಮೇಲೆ ಬಿಸಿ ಹುಗ್ಗಿಯ ಪ್ರಸಾದ ಬೀಳುತ್ತದೆ. ಹುಗ್ಗಿಗಾಗಿ ಎದ್ದು ಬಂದವರು ಎಷ್ಟು ಮಂದಿ, ದೇವರಿಗಾಗಿ ಎದ್ದು ಬಂದವರು ಎಷ್ಟು ಮಂದಿ ಎಂದು ಜಗುಲಿಯ ಮೇಲೆ ಕುಳಿತು ಲೆಕ್ಕ ಹಾಕುವ ಬುದ್ಧಿವಂತನೊಬ್ಬ ಪ್ರತಿಯೊಂದು ಊರಿನಲ್ಲಿಯೂ ಇರುತ್ತಾನೆ. ಅದೇ ವಾರದಲ್ಲಿ ಕ್ರಿಸ್‌ಮಸ್ ಹಬ್ಬವೂ ಬರುತ್ತದೆ. ತುಮಕೂರಿನಲ್ಲಿ, ಗುಬ್ಬಿಯಲ್ಲಿ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದೀಪ ತೂಗುತ್ತದೆ. ಅಲ್ಲಿಯ ಜಗುಲಿಗಳ ಮೇಲೂ ಇದೇ ಲೆಕ್ಕ ನಡೆಯುತ್ತಿರಬೇಕು: ಹೊಸ ಬಟ್ಟೆ, ಕೇಕು, ದೀಪಗಳ ಸಡಗರ, ಇದರಲ್ಲಿ ಭಕ್ತಿಯ ಪಾಲೆಷ್ಟು, ಸಂತೆಯ ಪಾಲೆಷ್ಟು?

ಸಿನಿಕನ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭವಲ್ಲ. ಅವನು ಕಂಡದ್ದನ್ನೇ ಹೇಳುತ್ತಾನೆ. ಆದರೆ ಅವನಿಗೆ ಕಾಣುವುದು ಎಷ್ಟು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಈ ಪ್ರಶ್ನೆಯನ್ನು ನಮ್ಮ ಮೈಸೂರು ಸೀಮೆಯಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ ಮನುಷ್ಯನೊಬ್ಬನಿದ್ದ. ಜಗುಲಿಯ ಮೇಲೆ ಕುಳಿತ ನಾಸ್ತಿಕನಲ್ಲ ಆತ; ಹಬ್ಬವನ್ನು ನಡೆಸಿಕೊಡಬೇಕಾಗಿದ್ದ ಪಾದರಿ. ಅಬ್ಬೆ ದುಬುವಾ ಎಂದರೆ ಹಿಂದೂಗಳ ಆಚಾರ ವಿಚಾರಗಳನ್ನು ಕುರಿತು ದೊಡ್ಡ ಗ್ರಂಥ ಬರೆದ ಫ್ರೆಂಚನೆಂದು ಓದಿದವರೆಲ್ಲ ಬಲ್ಲರು. ತನ್ನವರ ಹಬ್ಬವನ್ನೇ ಕಂಡು ನಾಚಿಕೊಂಡ ದುಬುವಾ ಅಷ್ಟಾಗಿ ಪರಿಚಿತರಲ್ಲ.

ಜಾನ್ ಆಂಟ್ವಾನ್ ದುಬುವಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸಾಂ ರೆಮೆಜ್ ಎಂಬ ಹಳ್ಳಿಯಲ್ಲಿ. 1766ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪಾದರಿಯಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಆ ವರ್ಷವನ್ನು ಓದುಗರು ಗಮನಿಸಬೇಕು. ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಜ್ವಾಲೆ ಏರುತ್ತಿದ್ದ ಕಾಲ ಅದು. ಮರುವರ್ಷ, 1793ರಲ್ಲಿ, ಕ್ರಾಂತಿಯ ಸರ್ಕಾರ ಕ್ರೈಸ್ತ ಪಂಚಾಂಗವನ್ನೇ ರದ್ದುಮಾಡಿ ಹೊಸ ತಿಂಗಳುಗಳನ್ನು ಹುಟ್ಟಿಸಿತು. ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯ ವಿಚಾರದೇವತೆಯ ಗುಡಿಯಾಯಿತು. ಹಬ್ಬಗಳೆಲ್ಲ ಪುರೋಹಿತರ ಕಪಟವೆಂದು ಬಗೆದವರು ಅಂದು ರಾಜ್ಯವಾಳಿದರು. ಆ ಡಿಸೆಂಬರ್ ತಿಂಗಳ 25ನೆಯ ತಾರೀಖು ಸರ್ಕಾರದ ಲೆಕ್ಕದಲ್ಲಿ ಬರಿಯ ಇನ್ನೊಂದು ದಿನವಾಗಿತ್ತು. ತಾಯ್ನಾಡಿನಲ್ಲಿ ಹಬ್ಬಕ್ಕೆ ಈ ಗತಿ ಬಂದಾಗ ದುಬುವಾ ತಮಿಳು ಸೀಮೆಯ ಬಿಸಿಲಿನಲ್ಲಿ ಭಾಷೆ ಕಲಿಯುತ್ತಿದ್ದರು. ಊರಲ್ಲೇ ಉಳಿದಿದ್ದರೆ ತಲೆ ಉಳಿಯುತ್ತಿರಲಿಲ್ಲವೆಂದು ಅವರೇ ನಂಬಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅನಂತರ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲೆಂದು ದುಬುವಾ ಇಲ್ಲಿಗೆ ಬಂದರು. ಬಂದವರು ಪರಂಗಿಗಳ ಬಂಗಲೆಯ ಕಡೆ ಹೋಗಲಿಲ್ಲ. ತಲೆಗೆ ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಕೈಯಲ್ಲಿ ಬಿದಿರಿನ ಕೋಲು ಹಿಡಿದು ಊರೂರು ಸುತ್ತಿದರು. ಊಟದಲ್ಲಿ, ಕೂರುವುದರಲ್ಲಿ, ಮಾತಿನ ಮರ್ಯಾದೆಯಲ್ಲಿ ಈ ನಾಡಿನವರಂತೆಯೇ ನಡೆದುಕೊಂಡರು. ಎದುರಿನವರಿಗೆ ಅಸಹ್ಯವಾಗುವುದೇನನ್ನೂ ಮಾಡಬಾರದೆಂಬುದು ಅವರ ವ್ರತ. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಅವರ ಚಿತ್ರದಲ್ಲಿ ಆ ವೇಷವನ್ನು ಇಂದಿಗೂ ನೋಡಬಹುದು. ಬೇರೆಯವರ ಬಾಹ್ಯಾಚಾರವನ್ನು ಇಷ್ಟು ಆದರದಿಂದ ಮೈಮೇಲೆ ಹಾಕಿಕೊಂಡ ಮನುಷ್ಯ ತನ್ನವರ ಬಾಹ್ಯಾಚಾರದಲ್ಲಿ ಹುರುಳಿಲ್ಲವೆಂದು ಕೊರಗಿದ್ದು ವಿಚಿತ್ರವೆಂದೇ ಹೇಳಬೇಕು.

ಅವರು ಕಂಡ ಮಂದೆ ಎಂಥದು? 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಅವರ ಸಂಖ್ಯೆಯನ್ನು ದುಬುವಾ ಅರುವತ್ತು ಸಾವಿರವೆಂದು ಬರೆದರು; ಈ ಅಂಕೆಯನ್ನು ಕುರಿತು ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಸಂಖ್ಯೆ ಎಷ್ಟೇ ಇರಲಿ, ಹದಿನೈದು ವರ್ಷ ಸೆರೆ, ಬಲಾತ್ಕಾರದ ಮತಾಂತರ, ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರ ನೆನಪು, ಇವನ್ನು ಹೊತ್ತುಕೊಂಡು ಬದುಕಿ ಉಳಿದವರು ಹಳೆಯ ಮತಕ್ಕೆ ಮರಳಿದರು. ಅವರನ್ನು ಮತ್ತೆ ಬರಮಾಡಿಕೊಂಡ ಪಾದರಿಗಳಲ್ಲಿ ದುಬುವಾ ಒಬ್ಬರು. ಆದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ಪ್ರಾಣ ಹೋದರೂ ಸರಿಯೆ, ಮತ ಬಿಡಲಾರೆನೆಂದು ನಿಲ್ಲಲಿಲ್ಲವೆಂಬುದನ್ನು ಮುಂದೆ ಪುಸ್ತಕದಲ್ಲಿ ಬರೆದೇಬಿಟ್ಟರು. ಈ ಮಾತನ್ನು ಓದಿದಾಗ ನನ್ನ ಮನಸ್ಸು ಪಾದರಿಗಿಂತ ಮಂದೆಯ ಕಡೆಗೇ ವಾಲುತ್ತದೆ. ಮಕ್ಕಳುಮರಿಗಳೊಡನೆ ಘಟ್ಟ ಹತ್ತಿಸಲ್ಪಟ್ಟವರಿಂದ ಹುತಾತ್ಮರ ಧೈರ್ಯವನ್ನು ಕೇಳುವುದು ಆಮೇಲೆ ಬಂದವರಿಗೆ ಸುಲಭ.

ಕೆಲಸಗಾರರಾಗಿ ದುಬುವಾ ದೊಡ್ಡವರು. ಇದರಲ್ಲಿ ಎರಡು ಮಾತಿಲ್ಲ. ಆ ಕಾಲದಲ್ಲಿ ಸಿಡುಬು ಊರಿಗೆ ಊರನ್ನೇ ಬರಿದುಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಜೆನ್ನರನು ದನದ ಸಿಡುಬಿನ ಲಸಿಕೆಯನ್ನು ಪ್ರಕಟಿಸಿದ್ದು 1798ರಲ್ಲಿ. ಐದಾರು ವರ್ಷಗಳೊಳಗೆ, 1803 ಮತ್ತು 1804ರಲ್ಲಿ, ದುಬುವಾ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಲಾಯಿತು. ಸಿಡುಬನ್ನು ಅಮ್ಮನೆಂದು ಪೂಜಿಸುವ ಹಳ್ಳಿಗೆ ಪರದೇಶದ ಪಾದರಿಯೊಬ್ಬ ಹೋಗಿ, ತೋಳು ಚಾಚಿರೆಂದು ಒಪ್ಪಿಸಿದ್ದು ಸಾಮಾನ್ಯವಲ್ಲ. ರುಮಾಲು, ಬಿದಿರುಕೋಲು, ಮಾತಿನ ಮರ್ಯಾದೆ ಇವೇ ಅಲ್ಲಿ ಕೆಲಸಮಾಡಿರಬೇಕು. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕ್ರೈಸ್ತರಿಗಾಗಿ ಒಕ್ಕಲುತನದ ಒಂದು ನೆಲೆಯನ್ನೂ ಕಟ್ಟಿದರು. ಹಾಸನ ಜಿಲ್ಲೆಯಲ್ಲಿ ಅವರ ಹೆಸರಿನ ನೆನಪು ಎಷ್ಟು ಗಟ್ಟಿಯೆಂದರೆ, ಹೇಮಾವತಿ ಜಲಾಶಯದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಇಗರ್ಜಿಯನ್ನೂ ಅವರೇ ಕಟ್ಟಿಸಿದರೆಂದು ಹೇಳುವವರಿದ್ದಾರೆ. ಅದು ಎದ್ದದ್ದು 1860ರ ದಶಕದಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಜನರ ಪ್ರೀತಿ ತಾರೀಖನ್ನು ಕೇಳುವುದಿಲ್ಲ.

ಅವರ ಮಹಾಗ್ರಂಥದ ಕಥೆ ಪ್ರಸಿದ್ಧವಾದುದರಿಂದ ಚಿಕ್ಕದಾಗಿ ಹೇಳುತ್ತೇನೆ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ನೋಡಿ ಮೆಚ್ಚಿದರು. ಮದರಾಸಿನ ಗವರ್ನರ್ ಬೆಂಟಿಂಕ್ ಅದನ್ನು ಕಂಪನಿಗಾಗಿ ಎರಡು ಸಾವಿರ ವರಹಗಳಿಗೆ ಕೊಂಡರು. ಇಂಗ್ಲಿಷಿನಲ್ಲಿ 1816ರಲ್ಲಿಯೂ, ಫ್ರೆಂಚಿನಲ್ಲಿ 1825ರಲ್ಲಿಯೂ ಅಚ್ಚಾಯಿತು. ಇದರಲ್ಲಿ ಬಹುಭಾಗ ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸುಯಿಟ್ ಪಾದರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಕೀರ್ತಿ ತಂದ ಪುಸ್ತಕ ಹೀಗೆ ಎರವಲಿನದಾಯಿತು. ಅವರಿಗೆ ಅಪಕೀರ್ತಿ ತಂದ ಪುಸ್ತಕವಾದರೋ ಪೂರ್ತಿಯಾಗಿ ಅವರದೇ.

ಅದು ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳ ಸಂಗ್ರಹ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಆಗ ಮಿಷನ್ ಸಂಘಗಳ ಉತ್ಸಾಹ ಉಕ್ಕುತ್ತಿದ್ದ ಸಮಯ. ಭಾರತವೆಲ್ಲ ಇಂದೋ ನಾಳೆಯೋ ಕ್ರೈಸ್ತಮತಕ್ಕೆ ಬಂದುಬಿಡುತ್ತದೆಂದು ವರದಿಗಳು ಸಾರುತ್ತಿದ್ದವು, ಚಂದಾಹಣ ಸೇರುತ್ತಿತ್ತು. ಆ ಸಭೆಯ ನಡುವೆ ಎದ್ದುನಿಂತು, ಇದು ಆಗದ ಕೆಲಸವೆಂದು ಸ್ವತಃ ಪಾದರಿಯೊಬ್ಬ ಹೇಳಿದರೆ ಹೇಗಿರಬೇಡ! ಅವರು ಪರರನ್ನು ಹಳಿದು ತಾವು ತಪ್ಪಿಸಿಕೊಳ್ಳಲಿಲ್ಲ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ಸೇರಿಸಿಕೊಂಡವರು ಗಂಡು ಹೆಣ್ಣು ಸೇರಿ ಇನ್ನೂರು ಮುನ್ನೂರರೊಳಗೆ ಎಂದರು. ಅವರಲ್ಲಿಯೂ ಮೂರರಲ್ಲಿ ಎರಡು ಪಾಲು, ಊರು ದೂರವಿಟ್ಟಿದ್ದ ಬಡವರು, ಭಿಕ್ಷುಕರು. ಮಿಕ್ಕವರಲ್ಲಿ ಬಹುಮಂದಿ ಮದುವೆಯ ನಂಟಿಗಾಗಿಯೋ ಮತ್ತೇನಾದರೂ ಲಾಭಕ್ಕಾಗಿಯೋ ಬಂದವರು ಎಂದು ಒಪ್ಪಿಕೊಂಡರು. ಇಷ್ಟು ನಿರ್ದಾಕ್ಷಿಣ್ಯವಾಗಿ ತನ್ನ ಖಾತೆಯನ್ನು ತಾನೇ ತೆರೆದು ತೋರಿಸಿದವರು ವಿರಳ. ಸಿನಿಕತನದಲ್ಲಿ ಎರಡು ಜಾತಿಯಿದ್ದರೆ, ತನ್ನಿಂದ ಆರಂಭವಾಗುವ ಈ ಜಾತಿ ಮೇಲಿನದು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಇಬ್ಬರು 1824ರಲ್ಲಿಯೇ ಪುಸ್ತಕ ಬರೆದು ಅವರನ್ನು ಖಂಡಿಸಿದರು.

ಈ ಪತ್ರಗಳಲ್ಲಿಯೇ ನಮ್ಮ ಹಬ್ಬದ ಪ್ರಶ್ನೆ ಬರುತ್ತದೆ. ದೇಶೀಯ ಕ್ರೈಸ್ತರ ಉತ್ಸವಗಳನ್ನು ದುಬುವಾ ಬಣ್ಣಿಸುವ ಭಾಗವನ್ನು ಓದಿದರೆ ನಗುವೂ ಬರುತ್ತದೆ, ಮರುಕವೂ ಆಗುತ್ತದೆ. ಮೆರವಣಿಗೆ ನಡೆಯುವುದು ರಾತ್ರಿಯ ಹೊತ್ತು. ನೂರಾರು ತಮಟೆಗಳು, ತುತ್ತೂರಿಗಳು, ಲೆಕ್ಕವಿಲ್ಲದ ದೀವಟಿಗೆಗಳು, ಬಾಣಬಿರುಸು. ಹೂವಿನ ಹಾರಗಳಿಂದ ಮುಚ್ಚಿಹೋದ ತೇರಿನಲ್ಲಿ ಸಂತನ ವಿಗ್ರಹ. ಎಳೆಯುವವರ ಕೂಗು ಒಂದು ಕಡೆ; ಸುತ್ತ ಕುಣಿಯುವವರು, ಕೋಲಾಟದವರು, ಬರಿಗತ್ತಿ ಝಳಪಿಸುವವರು, ಕುಸ್ತಿ ಹಿಡಿಯುವವರು, ಕೋಡಂಗಿ ವೇಷದವರು. ಎಲ್ಲರೂ ಕೂಗಾಡುವವರೇ, ಹರಟುವವರೇ. ಭಕ್ತಿಯ ಒಂದು ಕುರುಹೂ ಯಾರ ಮುಖದಲ್ಲಿಯೂ ಇಲ್ಲ. ಇದನ್ನು ಕಂಡು ತಮಗೆ ಯಾವಾಗಲೂ ನಾಚಿಕೆಯಾಗುತ್ತಿತ್ತೆಂದು ಅವರು ಬರೆದರು.

ಎಡೆಯೂರು ಸಿದ್ಧಲಿಂಗೇಶ್ವರರ ತೇರಿನ ಹಗ್ಗಕ್ಕೆ ಒಮ್ಮೆಯಾದರೂ ಕೈಹಾಕಿದ ನಮ್ಮ ಕುಣಿಗಲ್ ಸೀಮೆಯವರಿಗೆ ಈ ವರ್ಣನೆಯಲ್ಲಿ ಹೊಸದೇನೂ ಕಾಣುವುದಿಲ್ಲ. ಸಂತನ ವಿಗ್ರಹವೊಂದನ್ನು ಬಿಟ್ಟರೆ ಅದು ನಮ್ಮ ಜಾತ್ರೆಯೇ. ಹಗ್ಗ ಹಿಡಿದವನ ಮುಖದಲ್ಲಿ ಭಕ್ತಿ ಕಾಣುವುದಿಲ್ಲವೆಂಬುದೂ ನಿಜ. ಅವನ ಮುಖದಲ್ಲಿ ಕಾಣುವುದು ಬೆವರು. ತೇರು ಅಲುಗುವವರೆಗೆ ಅವನ ಧ್ಯಾನವೆಲ್ಲ ಚಕ್ರದ ಮೇಲೆ. ಅಲುಗಿದಾಗ ಅವನು ಕೂಗುತ್ತಾನೆ, ಪಕ್ಕದವನ ಬೆನ್ನು ತಟ್ಟುತ್ತಾನೆ, ಹೆಂಡತಿಮಕ್ಕಳಿಗೆ ಬತ್ತಾಸು ಕೊಳ್ಳಲು ಹೋಗುತ್ತಾನೆ. ಇದರಲ್ಲಿ ದೇವರೆಲ್ಲಿ ಎಂದು ಕೇಳಿದರೆ ಅವನಿಗೆ ಉತ್ತರ ತೋಚಲಿಕ್ಕಿಲ್ಲ. ಆದರೆ ಆ ದಿನ ಊರಿನಲ್ಲಿಲ್ಲದಿದ್ದರೆ ಏನನ್ನೋ ಕಳೆದುಕೊಂಡೆನೆಂದು ವರ್ಷವೆಲ್ಲ ಪೇಚಾಡುತ್ತಾನೆ.

ದುಬುವಾ ಇದನ್ನು ಅರಿಯದವರಲ್ಲ. ಅದೇ ಪತ್ರಗಳಲ್ಲಿ ಅವರು ಮತ್ತೊಂದು ಮಾತನ್ನೂ ಬರೆದಿದ್ದಾರೆ. ಈ ನಾಡಿನಲ್ಲಿ ಕ್ರೈಸ್ತಮತದ ಯಾವುದಾದರೂ ರೂಪ ಹಿಡಿಸುವುದಾದರೆ ಅದು ಕಥೋಲಿಕ ರೂಪವೇ, ಏಕೆಂದರೆ ಅದರಲ್ಲಿ ಪೂಜೆಯುಂಟು, ಮೆರವಣಿಗೆಯುಂಟು, ವಿಗ್ರಹ, ತೀರ್ಥ, ಉಪವಾಸ, ಹಬ್ಬಗಳುಂಟು. ಪ್ರಾಟೆಸ್ಟೆಂಟರ ಬರಿಗೋಡೆಯ ಪ್ರಾರ್ಥನೆ ಈ ಜನರ ಮನಸ್ಸಿಗೆ ತಾಗದು ಎಂಬುದು ಅವರ ವಾದ. ಸಡಗರದ ಬೆಲೆಯನ್ನು ಬುದ್ಧಿ ಬಲ್ಲದು. ಕಣ್ಣಿನ ಮುಂದೆ ಆ ಸಡಗರ ಕುಣಿದಾಗ ಮನಸ್ಸು ನಾಚುತ್ತದೆ. ಈ ಇಬ್ಬಂದಿಯೇ ದುಬುವಾ ಅವರ ಬಾಳಿನ ಒಳಗಿನ ಕಥೆಯೆಂದು ನನಗೆ ತೋರುತ್ತದೆ.

ಆ ಪತ್ರಗಳಲ್ಲಿ ಒಂದು ಕರುವಿನ ಪ್ರಸಂಗವಿದೆ. ಮನೆಬಿಟ್ಟು ಹೋಗಿ ಹಾಳಾದ ಮಗ ಹಿಂದಿರುಗಿದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸಿದನೆಂದು ಬೈಬಲ್ಲಿನಲ್ಲಿ ಕಥೆ. ದುಬುವಾ ಒಮ್ಮೆ ಇದನ್ನು ತಮ್ಮ ಜನರಿಗೆ ಬೋಧಿಸಿದರು. ಆಮೇಲೆ ಕೆಲವು ಹಿತಚಿಂತಕರು ಬಂದು, ಕರುವಿನ ಮಾತು ಸರಿಹೋಗಲಿಲ್ಲ, ಮುಂದಿನ ಸಲ ಕುರಿಮರಿಯೆಂದು ಹೇಳಿಬಿಡಿ ಎಂದು ಬಿನ್ನವಿಸಿದರಂತೆ. ಧರ್ಮಗ್ರಂಥವನ್ನು ದೇಶಭಾಷೆಗಳಿಗೆ ತಿರುಗಿಸಿ ಹಂಚುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚೆಂಬುದಕ್ಕೆ ಅವರು ಇದನ್ನೊಂದು ದೃಷ್ಟಾಂತವಾಗಿ ಕೊಟ್ಟರು. ದೃಷ್ಟಾಂತವೇನೋ ಚೆನ್ನಾಗಿದೆ. ಆದರೆ ಕ್ರಿಸ್‌ಮಸ್ಸಿನ ಗೋದಲಿಯಲ್ಲಿಯೂ ದನಕರುಗಳಿರುತ್ತವೆ. ಅಲ್ಲಿ ಅದನ್ನು ಕೊಯ್ಯುವವರಿಲ್ಲ. ಹುಲ್ಲಿನ ಮೇಲೆ ಮಲಗಿದ ಕೂಸಿಗೆ ಅದು ತನ್ನ ಉಸಿರಿನ ಬಿಸುಪು ಕೊಡುತ್ತದೆ. ಛತ್ರದಲ್ಲಿ ಜಾಗ ಸಿಗದ ಬಸುರಿ ಹೆಂಗಸು ಕೊಟ್ಟಿಗೆಯಲ್ಲಿ ಹೆತ್ತಳೆಂದರೆ, ಗೊಲ್ಲರು ಮೊದಲು ಬಂದು ನೋಡಿದರೆಂದರೆ, ಗೋಕುಲದ ಕಥೆ ಕೇಳಿ ಬೆಳೆದ ಅಮೃತೂರಿನ ಅಜ್ಜಿಗೆ ಯಾವ ಮಾತನ್ನೂ ಬದಲಾಯಿಸಿ ಹೇಳಬೇಕಾಗಿಲ್ಲ. ಬೋಧನೆ ಎಡವಿದ ಕಡೆ ಹಬ್ಬ ಸಲೀಸಾಗಿ ನಡೆದುಹೋಗುತ್ತದೆ.

ಹಬ್ಬವನ್ನು ಶಂಕಿಸಿದ್ದು ದುಬುವಾ ಒಬ್ಬರೇ ಅಲ್ಲ. ಡಿಸೆಂಬರ್ 25ನೆಯ ತಾರೀಖಿಗೆ ಬೈಬಲ್ಲಿನಲ್ಲಿ ಆಧಾರವಿಲ್ಲ. ಆ ದಿನದ ಕುಡಿತ ಕುಣಿತಗಳು ಧರ್ಮಕ್ಕೆ ಹೊರತು ಎಂದು ವಾದಿಸಿ ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನೇ ನಿಷೇಧಿಸಿತ್ತು. ಅಂಗಡಿ ತೆರೆಯಲು ಆಜ್ಞೆಯಾದಾಗ ಕ್ಯಾಂಟರ್ಬರಿಯಲ್ಲಿ ಜನ ದಂಗೆಯೆದ್ದರು. ಪ್ಯೂರಿಟನ್ನರ ವಾದದಲ್ಲಿ ತಪ್ಪಿರಲಿಲ್ಲ. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಮುಂದೆ 1843ರಲ್ಲಿ ಡಿಕನ್ಸ್ ತನ್ನ ಕ್ರಿಸ್‌ಮಸ್ ಕಥೆಯಲ್ಲಿ ಹಬ್ಬವನ್ನು ಕಂಡರೆ ಸಿಡುಕುವ ಸ್ಕ್ರೂಜ್ ಎಂಬ ಜಿಪುಣನನ್ನು ಸೃಷ್ಟಿಸಿದನು. ಅವನ ಸಿಡುಕಿನ ಮೂಲ ಹಣದ ಪೆಟ್ಟಿಗೆ. ದುಬುವಾ ಅವರ ಸಂಶಯದ ಮೂಲ ಅದಲ್ಲ. ಭಕ್ತಿಯೆಂಬುದು ಅತಿ ಬೆಲೆಯ ಪದಾರ್ಥವೆಂದು ತಿಳಿದವನು ಅದು ಬೀದಿಯಲ್ಲಿ ಇಷ್ಟು ಅಗ್ಗವಾಗಿ ಸಿಗುವುದನ್ನು ನಂಬಲಾರ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾದೀತು.

ಆದರೂ ತೂಗಲೇಬೇಕು. ದುಬುವಾ ಸತ್ಯವನ್ನೇ ಬರೆದರು. ಆದರೆ ಆ ಸತ್ಯ ಲೆಕ್ಕಿಗನ ಸತ್ಯ. ಮತಕ್ಕೆ ಬಂದವರೆಷ್ಟು, ಬಿಟ್ಟುಹೋದವರೆಷ್ಟು, ಹುತಾತ್ಮರೆಷ್ಟು ಎಂಬ ಪಟ್ಟಿಯಲ್ಲಿ ಕುಣಿದವರ ಲೆಕ್ಕಕ್ಕೆ ಕಲಮು ಇರಲಿಲ್ಲ. ಹದಿನೈದು ವರ್ಷ ಹಬ್ಬವಿಲ್ಲದೆ ಸೆರೆಯಲ್ಲಿದ್ದ ಜನ ಅವರ ಮಂದೆಯಲ್ಲಿದ್ದರು. ಅಂಥವರಿಗೆ ರಾತ್ರಿ ದೀವಟಿಗೆ ಹಿಡಿದು ಬೀದಿಯಲ್ಲಿ ತಮ್ಮ ದೇವರ ಹೆಸರನ್ನು ಕೂಗುವುದು ಕೋಡಂಗಿ ವೇಷವಾಗಿರಲಾರದು. ಪ್ರಾಣಕೊಡಲಾರದೆ ಸೋತವರು ಹಬ್ಬಮಾಡಿ ಮರಳಿದರು. ಅದನ್ನು ಸಮಾಧಾನದಿಂದ ನೋಡುವಷ್ಟು ಬಿಡುವನ್ನು ಅವರ ಮನಸ್ಸು ಅವರಿಗೇ ಕೊಡಲಿಲ್ಲ. ಬೇರೆಯವರ ಮದುವೆ, ತಿಥಿ, ಪೂಜೆಗಳನ್ನು ಬರೆಯುವಾಗ ಅಷ್ಟು ತಾಳ್ಮೆ ತೋರಿದ ಲೇಖನಿ ತನ್ನ ಮನೆಯ ತೇರಿನ ಮುಂದೆ ಮಾತ್ರ ತಾಳ್ಮೆಗೆಟ್ಟಿತು. ಮನೆಯ ಹಿರಿಯರು ಮನೆಯ ಮಕ್ಕಳ ಮೇಲೆ ರೇಗುವಂತೆ ಇದೂ ಒಂದಿರಬಹುದು.

ಅವರ ನಿರಾಶೆ ಮಿಕ್ಕವರನ್ನು ತಡೆಯಲಿಲ್ಲ. ಅವರು ಹೋದ ಹದಿನಾಲ್ಕು ವರ್ಷಗಳಿಗೆ, 1837ರಲ್ಲಿ, ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದರಿ ನಮ್ಮ ಗುಬ್ಬಿಗೆ ಬಂದು ನೆಲೆಸಿದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಯುವಕ ಅವರನ್ನು ಕೂಡಿಕೊಂಡರು. ದುಬುವಾ ಸಾಗದೆಂದಿದ್ದ ಬರಿಗೋಡೆಯ ಪ್ರಾರ್ಥನೆಯೇ ಅವರದು. ಬರಬರುತ್ತ ಆ ಗೋಡೆಗಳಿಗೂ ಕ್ರಿಸ್‌ಮಸ್ಸಿನ ಬಣ್ಣದ ಕಾಗದ ಬಂತು, ನಕ್ಷತ್ರದೀಪ ಬಂತು.

ದುಬುವಾ ಹಡಗು ಹತ್ತಿದ್ದು 1823ರ ಜನವರಿ 15ರಂದು. ಅದಕ್ಕೆ ಸರಿಯಾಗಿ ಮೂರು ವಾರಗಳ ಹಿಂದೆ ಈ ನೆಲದಲ್ಲಿ ಅವರ ಕಡೆಯ ಕ್ರಿಸ್‌ಮಸ್ ಕಳೆದಿತ್ತು. ಕಂಪನಿ ಸರ್ಕಾರ ದಾರಿಯ ಖರ್ಚನ್ನೂ ವಿಶ್ರಾಂತಿ ವೇತನವನ್ನೂ ಕೊಟ್ಟಿತು. ಮತ್ತೆ ಅವರು ಭಾರತವನ್ನು ನೋಡಲಿಲ್ಲ. ಪ್ಯಾರಿಸ್ಸಿನಲ್ಲಿ ಕುಳಿತು 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಪರಮಾರ್ಥಗುರುವೂ ಅವನ ಪೆದ್ದ ಶಿಷ್ಯರೂ ಆ ಪುಸ್ತಕದಲ್ಲಿದ್ದಾರೆ. ಆ ಕಥೆಗಳನ್ನು ಬರೆಯುವಾಗಲಾದರೂ ಮೈಸೂರಿನ ಯಾವುದೋ ಜಗುಲಿ ಅವರ ಕಣ್ಣಿಗೆ ಕಟ್ಟಿರಬೇಕು. 1836ರಿಂದ 1839ರವರೆಗೆ ತಮ್ಮ ಸಂಘದ ಮುಖ್ಯಸ್ಥರಾಗಿದ್ದು, ಹೊಸ ಪಾದರಿಗಳನ್ನು ಪೂರ್ವದೇಶಗಳಿಗೆ ಕಳುಹಿಸುತ್ತಲೇ ಇದ್ದರು. ಆಗದ ಕೆಲಸವೆಂದು ಬರೆದ ಕೈಯೇ ಆ ಕೆಲಸಕ್ಕೆ ಹೋಗುವವರನ್ನು ಹರಸಿತು. 1848ರ ಫೆಬ್ರವರಿ 17ರಂದು ತೀರಿಕೊಂಡರು. ಇನ್ನೈದು ದಿನಗಳಿಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು.

ಅವರು ಮೈಸೂರು ಸೀಮೆಯಲ್ಲಿದ್ದಾಗ, 19ನೆಯ ಶತಮಾನದ ಎರಡನೆಯ ದಶಕದಲ್ಲಿ, ಬೆಂಗಳೂರಿನ ಬ್ಲ್ಯಾಕ್‌ಪಳ್ಳಿಯಲ್ಲಿ ಕ್ರೈಸ್ತರಿಗಾಗಿ ಒಂದು ಚಿಕ್ಕ ಹುಲ್ಲುಚಾವಣಿಯ ಗುಡಿಯನ್ನು ಕಟ್ಟಿಸಿದ್ದರು. ಆ ಜಾಗದಲ್ಲಿ ಎತ್ತರದ ಗೋಪುರದ ಇಗರ್ಜಿ ಎದ್ದು 1882ರಲ್ಲಿ ಪ್ರತಿಷ್ಠೆಯಾಯಿತು. ಬ್ಲ್ಯಾಕ್‌ಪಳ್ಳಿ ಈಗ ಶಿವಾಜಿನಗರ, ಇಗರ್ಜಿ ಸಂತ ಮೇರಿಯವರ ಬಸಿಲಿಕಾ. ಕ್ರಿಸ್‌ಮಸ್ ರಾತ್ರಿ ಅಲ್ಲಿ ಗೋದಲಿಯನ್ನು ನೋಡಲು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ 8ರಂದು ಮರಿಯಮ್ಮನವರ ಹುಟ್ಟುಹಬ್ಬದ ಸಂಜೆ ಸೀರೆಯುಟ್ಟ ತಾಯಿಯ ವಿಗ್ರಹವನ್ನು ಹೂವಿನಿಂದ ಮುಚ್ಚಿದ ತೇರಿನಲ್ಲಿಟ್ಟು ಎಳೆಯುತ್ತಾರೆ. ಸುತ್ತಲ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕತ್ತಲಾದ ಮೇಲೆ, ದೀಪ ಹತ್ತಿಸಿಕೊಂಡು, ಕೂಗುವ ಜನರ ನಡುವೆ ತೇರು ಸಾಗುತ್ತದೆ.